ಮೂವತ್ತೊಂದನೆಯ ಅಳತೆ

ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲುತ್ತ ನಿಂತಿದ್ದಾಗ, ಆ ಮನುಷ್ಯನ ಮುಖ ತನಗೆ ನೆನಪಿಗೆ ಬರುತ್ತಿಲ್ಲ ಎಂಬುದು ಸಿಂಧೂರಳಿಗೆ ಹೊಳೆಯಿತು. ಕೈಗಳು ನೆನಪಿದ್ದವು. ಅಂಗಿಯ ಜೇಬಿನಲ್ಲಿ ಪೆನ್ನಿನ ಹಾಗೆ ಸಿಕ್ಕಿಸಿಕೊಂಡಿದ್ದ ಸ್ಕ್ರೂಡ್ರೈವರ್ ನೆನಪಿತ್ತು. ಮಾತಾಡುವಾಗ ಗಂಟಲಲ್ಲಿ ಏನೋ ಉರುಳಿದಂತಾಗುತ್ತಿದ್ದ ಸದ್ದೂ ನೆನಪಿತ್ತು. ಮುಖವಿರಬೇಕಾದ ಕಡೆ ಮಾತ್ರ ಒರೆಸಿದ ಹಲಗೆಯ ಹಾಗೆ ಏನೂ ಇರಲಿಲ್ಲ. ಐದು ದಿನ, ದಿನಕ್ಕೆ ಎಂಟು ಗಂಟೆ ಅವಳು ಅವನ ಜೊತೆಗಿದ್ದಳು. ಕುಕ್ಕರಿನ ಪಕ್ಕ ಒರಗಿಸಿಟ್ಟಿದ್ದ ಫೋನಿನಲ್ಲಿ ಬೆಳಿಗ್ಗೆ ಬಂದ ಮೇಲ್ ತೆರೆದೇ ಇತ್ತು, ಅದನ್ನು ಐದನೆಯ ಸಲ ಓದಿದಳು. ‘ನಾನು ಸ್ತೊಯಾನ್ ಅವರ ಮಗಳು ರುಮ್ಯಾನಾ. ಅಪ್ಪ ನವೆಂಬರಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅವರ ಪುಸ್ತಕದಲ್ಲಿ ನಿಮ್ಮ ವಿಳಾಸ ಸಿಕ್ಕಿತು. ನಮ್ಮಲ್ಲಿ ಅವರ ಫೋಟೋಗಳಿವೆ, ದನಿ ಇಲ್ಲ. ನಿಮ್ಮ ರೆಕಾರ್ಡಿಂಗಿನಲ್ಲಿ ಅವರು ಮಾತಾಡಿದ್ದಿದ್ದರೆ, ಸ್ವಲ್ಪವೇ ಆದರೂ, ಕೊಡಬಹುದೇ? ನಾನು ಲೈಡನ್‌ಗೆ ಹತ್ತಿರದಲ್ಲೇ ಇದ್ದೇನೆ, ಹೂವಿನ ಗೆಡ್ಡೆಗಳ ಗೋದಾಮಿನಲ್ಲಿ ಕೆಲಸ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ.’ ಸ್ವಲ್ಪವೇ ಆದರೂ ಎನ್ನುವ ಮಾತಿನ ಮೇಲೆ ಅವಳ ಕಣ್ಣು ಪ್ರತಿ ಸಲವೂ ಎಡವುತ್ತಿತ್ತು.

ಹೋದ ವರ್ಷದ ಫೆಬ್ರವರಿ, ಲೋಕವಿನ್ನೂ ತೆರೆದಿದ್ದಾಗ, ಅವಳು ಬಲ್ಗೇರಿಯಾದಲ್ಲಿ ಸ್ತೊಯಾನನ ಊರಿಗೆ ಹೋಗಿದ್ದಳು. ಕಮ್ಯುನಿಸ್ಟರ ಕಾಲದಲ್ಲಿ ಕಟ್ಟಿದ ದೊಡ್ಡ ಸಭಾಭವನಗಳು ಒಳಗಿನಿಂದ ಹೇಗೆ ಕೇಳಿಸುತ್ತವೆ ಎಂಬುದು ಅವಳ ಸಂಶೋಧನೆ. ನೋಡುವುದಕ್ಕೆ ಹೇಗಿವೆ ಎಂದು ಬರೆದವರು ಬೇಕಾದಷ್ಟಿದ್ದರು, ಕೇಳುವುದಕ್ಕೆ ಹೇಗಿವೆ ಎಂದು ಯಾರೂ ಬರೆದಿರಲಿಲ್ಲ. ಹಿಮ ಕರಗಿ ಕೆಸರಾಗಿದ್ದ ಚೌಕದ ಆಚೆ ಕಾಂಕ್ರೀಟಿನ ಆ ಕಟ್ಟಡ ನೆಲಕ್ಕೆ ಎದೆಯೂರಿ ಮಲಗಿದಂತಿತ್ತು. ಒಂದು ರೆಕ್ಕೆಯಲ್ಲಿ ಸಂಗೀತದ ಭವನ, ಇನ್ನೊಂದರಲ್ಲಿ ಸಮ್ಮೇಳನದ ಕೋಣೆಗಳು. ಸಮ್ಮೇಳನದ ಕಡೆ ಪ್ರತಿ ಕುರ್ಚಿಯ ತೋಳಿನ ಮೇಲೂ ಒಂದರಿಂದ ಆರರವರೆಗೆ ಗುಂಡಿಗಳಿದ್ದವು, ಒಂದೊಂದು ಗುಂಡಿಗೆ ಒಂದೊಂದು ಭಾಷೆಯ ಅನುವಾದ. ಈಗ ಎಲ್ಲ ಗುಂಡಿಗಳಲ್ಲೂ ಒಂದೇ ಗುಂಯ್ ಎನ್ನುವ ಸದ್ದು. ಮೂವತ್ತೆಂಟು ವರ್ಷ ಅಲ್ಲಿಯ ಧ್ವನಿವರ್ಧಕಗಳನ್ನೂ ತಂತಿಗಳನ್ನೂ ನೋಡಿಕೊಂಡಿದ್ದ ಸ್ತೊಯಾನ್ ನಿವೃತ್ತನಾದ ಮೇಲೂ ಬೀಗದ ಕೈ ಇಟ್ಟುಕೊಂಡಿದ್ದ. ಪಕ್ಷದವರಿಗೆ ಚಪ್ಪಾಳೆ ಗುಡುಗಿನ ಹಾಗೆ ಕೇಳಬೇಕಿತ್ತು, ವಾಸ್ತುಶಿಲ್ಪಿಗೆ ಪಿಟೀಲು ಕೇಳಬೇಕಿತ್ತು, ಇಬ್ಬರೂ ಜಗಳವಾಡಿ ಈ ಮರದ ಛಾವಣಿಯಾಯಿತು ಎಂದು ಅವನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದ. ಹೇಳಿ, ಕತ್ತು ಮೇಲೆತ್ತಿ, ಆ ಹಲಗೆಗಳಲ್ಲಿ ಯಾವ ಯಾವುದಕ್ಕೆ ತಾನೇ ತಿರುಪು ಹಾಕಿದ್ದು ಎಂದು ಒಂದೊಂದಾಗಿ ಬೊಟ್ಟುಮಾಡಿ ತೋರಿಸತೊಡಗಿದ್ದ. ಅವಳು ಗಡಿಯಾರ ನೋಡಿಕೊಂಡಿದ್ದಳು.

ಕೆಲಸ ಸರಳವಾಗಿತ್ತು. ಅವಳು ವೇದಿಕೆಯ ಮೇಲೆ ನಿಂತು ಬಲೂನು ಒಡೆಯಬೇಕು. ಅವನು ಕುರ್ಚಿಗಳ ನಡುವೆ ಮೈಕಿನ ಕಂಬವನ್ನು ಒಂದು ಗುರುತಿನಿಂದ ಇನ್ನೊಂದಕ್ಕೆ ಸರಿಸುತ್ತ ಹೋಗಬೇಕು. ಬಲೂನಿನ ಢಂ ಎಂಬ ಸದ್ದು ಎದ್ದು, ಗೋಡೆಗಳಿಗೆ ತಾಗಿ, ನಿಧಾನವಾಗಿ ಆರಿಹೋಗುವ ಎರಡು ಸೆಕೆಂಡುಗಳಲ್ಲಿ ಆ ಭವನದ ಗುಟ್ಟೆಲ್ಲ ಇರುತ್ತದೆ. ನಲವತ್ತೆರಡು ಜಾಗ, ನಲವತ್ತೆರಡು ಅಳತೆ. ಬೇಕಾದದ್ದು ಮೌನ ಒಂದೇ. ಅದೊಂದನ್ನು ಬಿಟ್ಟು ಅವನು ಎಲ್ಲವನ್ನೂ ಕೊಟ್ಟ. ಪ್ರತಿ ಸಲ ಮೈಕಿನ ಹತ್ತಿರ ಬಾಗಿ ‘ಗೊತೊವೊ’ ಎನ್ನುತ್ತಿದ್ದ, ತಯಾರು ಎಂದು. ಅಷ್ಟಕ್ಕೆ ನಿಂತರೆ ಪರವಾಗಿರಲಿಲ್ಲ. ಈ ಕುರ್ಚಿಯಲ್ಲಿ ಒಬ್ಬ ಮಂತ್ರಿ ಗೊರಕೆ ಹೊಡೆದದ್ದು, ಆ ಕುರ್ಚಿಯ ಕೆಳಗೆ ಒಂದು ಚಳಿಗಾಲ ಬೆಕ್ಕು ಮರಿ ಹಾಕಿದ್ದು, ಎಲ್ಲವೂ ಬರುತ್ತಿತ್ತು. ತಾನು ಓದುತ್ತಿದ್ದ ಲೈಡನ್‌ಗೆ ಮರಳಿದ ಮೇಲೆ ಅವಳು ವಾರಗಟ್ಟಲೆ ಕೂತು ಪ್ರತಿ ಕಡತದಿಂದಲೂ ಅವನನ್ನು ಕತ್ತರಿಸಿ ತೆಗೆದಳು. ಜೂನಿನಲ್ಲಿ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಾದಾಗ ಮೂಲ ಕಡತಗಳನ್ನೂ ಅಳಿಸಿದಳು. ಅಳಿಸಬಾರದೆಂಬ ನಿಯಮವಿತ್ತು, ಯಾರು ಕೇಳುತ್ತಾರೆ ಅನಿಸಿತ್ತು. ಅಕ್ಟೋಬರಿನ ಆನ್‌ಲೈನ್ ಸಭೆಯಲ್ಲಿ ಅವಳ ಪ್ರೊಫೆಸರು, ಕ್ಯಾಮೆರಾದ ಮುಂದೆ ಸೇಬು ಕಚ್ಚುತ್ತ, ಇಷ್ಟು ಶುದ್ಧವಾದ ಅಳತೆಗಳನ್ನು ನಾನು ನೋಡಿಯೇ ಇಲ್ಲ ಎಂದಿದ್ದರು. ಆ ದಿನ ಅವಳು ಖುಷಿಯಿಂದ ಹಾಲುಖೋವಾ ಮಾಡಿಕೊಂಡು ತಿಂದಿದ್ದಳು. ಆಗ ಅವನು ಬದುಕಿದ್ದ.

ಫೋನು ನಡುಗಿ ಮೇಲ್ ಮರೆಯಾಯಿತು, ಧಾರವಾಡದಿಂದ ಅವ್ವ. “ಊಟಾ ಆತೇನ ಸಿಂಧೂ?” ಎಂದು ಶುರುಮಾಡಿದ ನಾಗಮಣಿ, ಎದುರುಮನೆಯವರು ಲಸಿಕೆಗೆ ಹೆಸರು ಬರೆಸಿದ್ದು, ಕಸದ ಗಾಡಿ ಮೂರು ದಿನದಿಂದ ಬಾರದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿ, “ಯಾಕವಾ, ದನಿ ಯಾಕ ಹಿಂಗದ?” ಎಂದಳು.

“ಏನಿಲ್ಲವಾ, ಥಂಡಿ.”

“ಥಂಡಿ ಅಂದ್ರ ಜ್ವರಾ ಏನರ ಅದಾವೇನು? ಬಾಯಿಗೆ ರುಚಿ ಹತ್ತತದೇನು ಮೊದಲ ಹೇಳು.”

“ಹತ್ತತದವಾ. ಆಮ್ಯಾಲೆ ಮಾಡ್ತೀನಿ.”

ಬಾಯಿಯ ರುಚಿ ಎಂದೊಡನೆ ಆ ಬಾಟಲಿ ನೆನಪಾಯಿತು. ಹೊರಡುವ ದಿನ ಸ್ತೊಯಾನ್ ಪತ್ರಿಕೆಯಲ್ಲಿ ಸುತ್ತಿದ ಒಂದು ಗಾಜಿನ ಬಾಟಲಿ ತಂದುಕೊಟ್ಟಿದ್ದ. ಕೆಂಪು ಮೆಣಸಿನಕಾಯಿ ಸುಟ್ಟು ಅರೆದು ಮಾಡಿದ್ದು, ನನ್ನ ಮಗಳು ನಿಮ್ಮ ಊರಿನ ಹತ್ತಿರವೇ ಇದ್ದಾಳೆ, ಕೊಡಿ ಎಂದು ಒಂದು ಚೀಟಿಯಲ್ಲಿ ನಂಬರು ಬರೆದಿದ್ದ. ನಾಳೆ, ನಾಳಿದ್ದು ಎನ್ನುವಷ್ಟರಲ್ಲಿ ಮಾರ್ಚ್ ಬಂತು, ಎಲ್ಲ ಬಾಗಿಲು ಹಾಕಿಕೊಂಡವು. ಏಪ್ರಿಲಿನ ಒಂದು ಮಧ್ಯಾಹ್ನ, ಅಂಗಡಿಯ ಸರದಿಯಲ್ಲಿ ಹಿಂದಿನ ಹೆಂಗಸು ಎಲ್ಲರೆದುರು ‘ಒಂದೂವರೆ ಮೀಟರ್ ದೂರ’ ಎಂದು ಗದರಿಸಿದ್ದಕ್ಕೆ ಅವಮಾನವಾಗಿ ಏನೂ ಕೊಳ್ಳದೆ ಮನೆಗೆ ಬಂದವಳು, ಆ ಬಾಟಲಿಯ ಮುಚ್ಚಳ ತಿರುಗಿಸಿದಳು. ಅದು ಅವ್ವ ಮಾಡುವ ರಂಜಕದ ದೂರದ ನೆಂಟನಂತಿತ್ತು. ಚಪಾತಿಯ ಜೊತೆ ನಾಲ್ಕು ದಿನದಲ್ಲಿ ಮುಗಿಸಿದಳು. ಐದನೆಯ ದಿನ ಸ್ತೊಯಾನನ ಕಾಗದ ಬಂತು, ಯಾರೋ ಪರಿಚಯದವರಿಂದ ಟೈಪು ಮಾಡಿಸಿದ ಮೇಲ್. ಭವನದ ಸದ್ದಿನ ಒಂದು ಪ್ರತಿ ಕಳಿಸುವಿರಾ, ಮನೆಯಲ್ಲಿ ಕೂತು ಕೇಳುತ್ತೇನೆ, ಅಲ್ಲಿಗೆ ಈಗ ಯಾರನ್ನೂ ಬಿಡುತ್ತಿಲ್ಲ ಎಂದಿತ್ತು. ಕೊನೆಯಲ್ಲಿ, ಬಾಟಲಿ ತಲುಪಿತೇ ಎಂದಿತ್ತು. ಸದ್ದನ್ನು ಕಳಿಸಬಹುದಿತ್ತು; ಕಳಿಸಿದರೆ ಬಾಟಲಿಯ ಬಗ್ಗೆಯೂ ಬರೆಯಬೇಕಿತ್ತು. ಮೊದಲು ಒಂದು ವಾರ ತಡವಾಯಿತು, ಆಮೇಲೆ ತಡವಾದದ್ದಕ್ಕೇ ಕಾರಣ ಹೇಳಬೇಕಾಯಿತು, ಆಮೇಲೆ ಆ ಮೇಲ್ ಬೇರೆ ಮೇಲ್‌ಗಳ ಕೆಳಗೆ ಇಳಿದು ಹೋಯಿತು. ಒಂದು ಬಾಟಲಿ ಚಟ್ನಿ. ಮನುಷ್ಯ ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ಮೌನ ಕಟ್ಟಬಲ್ಲನೆಂದು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ ಅನಿಸಿತು.

ಅನ್ನ ತಳ ಹಿಡಿಯಿತು. ಅದನ್ನು ಹಾಗೇ ಬಿಟ್ಟು ಅವಳು ಲ್ಯಾಪ್‌ಟಾಪಿನಲ್ಲಿ ಹುಡುಕತೊಡಗಿದಳು. ಅಳಿಸಿದ್ದು ಅಳಿಸಿಯೇ ಹೋಗಿತ್ತು. ಒಂದರಿಂದ ನಲವತ್ತೆರಡು ಕಡತಗಳನ್ನು ಕೇಳಿದಳು. ಪ್ರತಿಯೊಂದೂ ಸ್ಫೋಟದಿಂದ ಶುರುವಾಗಿ ಮೌನದಲ್ಲಿ ಮುಗಿಯುತ್ತಿತ್ತು, ಅಲ್ಲಿ ಮನುಷ್ಯರಿದ್ದರೆಂಬ ಗುರುತೇ ಇರಲಿಲ್ಲ. ಏಳನೆಯದರ ಕೊನೆಯಲ್ಲಿ ಉಸಿರಿನಂಥದ್ದೇನೋ ಇತ್ತು, ಹತ್ತು ಸಲ ಕೇಳಿದ ಮೇಲೆ ಅದು ಬಿಸಿಗಾಳಿಯ ಕೊಳವೆಯ ಸದ್ದೆಂದು ಗೊತ್ತಾಯಿತು. ನಾಲ್ಕು ಗಂಟೆಗೆ, ಬೆಳಕು ಆಗಲೇ ಬೂದಿಬಣ್ಣವಾಗುತ್ತಿದ್ದಾಗ, ‘ಬೇಡದ್ದು’ ಎಂದು ಹೆಸರಿಟ್ಟಿದ್ದ ಒಂದು ಫೋಲ್ಡರಿನಲ್ಲಿ ಮೂವತ್ತೊಂದು ಸಿಕ್ಕಿತು. ಕೆಟ್ಟುಹೋದ ಅಳತೆ. ಮರುದಿನ ಇನ್ನೊಮ್ಮೆ ತೆಗೆದದ್ದರಿಂದ ಇದನ್ನು ಪಕ್ಕಕ್ಕೆ ಸರಿಸಿದ್ದಳು, ಅಳಿಸುವುದಕ್ಕೂ ಮರೆತಿದ್ದಳು.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ‘ಗೊತೊವೊ’ ಎಂದ ಸ್ತೊಯಾನ್, ಅವಳ ಕಿವಿಯ ಒಳಗೇ, ಗಂಟಲಿನ ಆ ಉರುಳುವ ಸದ್ದಿನ ಸಮೇತ. ಮುಖ ತಟ್ಟನೆ ಬಂತು: ಒಂದು ಹುಬ್ಬಿನ ನಡುವೆ ಹಳೆಯ ಗಾಯದ ಗೆರೆ, ತೇವದ ಕಣ್ಣು. ‘ಇದು ಹದಿನಾಲ್ಕನೆಯ ಸಾಲು. ಇಲ್ಲಿ ನನ್ನ ಹೆಂಡತಿ ಕೂತಿದ್ದಳು, ಎಂಬತ್ತೊಂದನೆಯ ಇಸವಿ. ಸಂಗೀತ ಕೇಳುವುದಕ್ಕಲ್ಲ. ನಾನು ಮೇಲೆ ಗಾಜಿನ ಕೋಣೆಯಲ್ಲಿದ್ದೆ. ಪೂರ್ತಿ ಕಚೇರಿ ಅವಳು ಕತ್ತು ತಿರುಗಿಸಿ ಹಿಂದಕ್ಕೇ ನೋಡುತ್ತಿದ್ದಳು. ಮರುದಿನ ಕತ್ತು ನೋವು ಅಂತ—’ ಅವನು ನಗತೊಡಗಿದ್ದ. ಆ ನಗುವಿನ ಮೇಲೆಯೇ, ದೂರದ ವೇದಿಕೆಯಿಂದ, ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಮುಟ್ಟುವಂತೆ ಕಟ್ಟಿದ ಆ ಭವನದಲ್ಲಿ ಒಂದಕ್ಷರವೂ ಮುಕ್ಕಾಗದೆ, ಒಬ್ಬ ಹೆಂಗಸಿನ ದನಿ ಬಂತು: “ಸತ್ತ ಮ್ಯಾಲರೆ ಬಾಯಿ ಮುಚ್ತಾನೋ ಇಲ್ಲೋ ಈ ಮುದುಕ.”

ಅದು ತನ್ನದೇ ದನಿ ಎಂದು ಒಪ್ಪಿಕೊಳ್ಳುವುದಕ್ಕೆ ಅವಳಿಗೆ ಕ್ಷಣ ಬೇಕಾಯಿತು. ಅಷ್ಟರಲ್ಲಿ ಸ್ತೊಯಾನ್ ಕೇಳುತ್ತಿದ್ದ: ‘ಏನಂದಿರಿ? ಚೆನ್ನಾಗಿದೆ. ನಿಮ್ಮ ಭಾಷೆಯಾ?’ ಹೌದು, ಥ್ಯಾಂಕ್ಯೂ ಅಂದೆ, ಎನ್ನುತ್ತಿದ್ದಳು ಆ ಹೆಂಗಸು ಇಂಗ್ಲಿಷಿನಲ್ಲಿ, ತುಟಿಯಲ್ಲಿ ನಗು ತಡೆದುಕೊಂಡು. ಅದೂ ಕೇಳುತ್ತಿತ್ತು, ನಗು ತಡೆದುಕೊಂಡದ್ದು. ‘ಥ್ಯಾಂಕ್ಯೂ ಅಂದರೆ ಆ ಕೊನೆಯ ಶಬ್ದವಾ? ಮುದುಕ?’ ‘ಹೌದು.’ ‘ಮುದುಕಾ,’ ಎಂದು ಅವನು ಒಮ್ಮೆ ಮೆಲ್ಲಗೆ ನಾಲಿಗೆ ಹೊರಳಿಸಿದ. ಆಮೇಲೆ ಭವನಕ್ಕೇ ಕೇಳುವಂತೆ ಗಟ್ಟಿಯಾಗಿ “ಮುದುಕಾ” ಎಂದ. ಅವಳು ಸಿಟ್ಟಿನಿಂದ ಅದೇ ಗಳಿಗೆಗೆ ಬಲೂನು ಒಡೆದಿದ್ದಳು. ಢಂ ಎನ್ನುವುದರ ಜೊತೆ ಹೆಣೆದುಕೊಂಡು ಅವನ ಕೂಗು ಎದ್ದು, ಮರದ ಛಾವಣಿಯಡಿ ಸುತ್ತಾಡಿ, ಎರಡು ಸೆಕೆಂಡು ನಿಂತು, ಆರಿಹೋಯಿತು.

ಕತ್ತರಿಸಬಹುದು ಎಂಬುದೇ ಮೊದಲು ಬಂದ ಯೋಚನೆ. ಅದರಲ್ಲಿ ಅವಳ ಕೈ ಪಳಗಿತ್ತು. ಆದರೆ ಅವಳ ಮಾತು ಅವನ ನಗುವಿನ ಮೇಲೆ ಕೂತಿತ್ತು. ಒಂದನ್ನು ತೆಗೆದರೆ ಇನ್ನೊಂದು ಹರಿದು ಬರುತ್ತಿತ್ತು. ನಗುವನ್ನು ತೆಗೆದುಹಾಕಿ ಹೆಂಡತಿಯ ಕತ್ತುನೋವಿಗೇ ನಿಲ್ಲಿಸಿ ನೋಡಿದಳು. ತನ್ನ ಮಾತನ್ನು ಮಸುಕುಮಾಡಿ ನೋಡಿದಳು. ಮಸುಕಾದಷ್ಟೂ ಅದು ಬಾಗಿಲ ಹಿಂದೆ ನಿಂತು ಯಾರೋ ಚಾಡಿ ಹೇಳಿದಂತೆ ಕೇಳಿಸಿತು. ಹಾಸ್ಟೆಲ್ಲಿನ ಕಾರಿಡಾರಿನ ಆ ತುದಿಯ ಕೋಣೆಯ ಕೌಶಲ್, ಬಯೋಸೈನ್ಸ್ ಓದುತ್ತಿದ್ದ ಮೈಸೂರಿನ ಹುಡುಗ, ಅಡುಗೆಮನೆಯಲ್ಲಿ ನೂಡಲ್ಸ್ ಬೇಯಿಸುತ್ತಿದ್ದ. ಅವನಿಗೆ ಅರ್ಧ ಹೇಳಿದಳು, ಬಾಟಲಿಯ ವಿಷಯ ಬಿಟ್ಟು.

“ಇಷ್ಟೇನಾ?” ಎಂದ ಕೌಶಲ್. “ಹಾಗೇ ಕಳ್ಸು. ಅವ್ರಿಗೇನು ಕನ್ನಡ ಬರತ್ತಾ?”

“ಬರಲ್ಲ.”

“ಮತ್ತೆ? ಅವ್ರ ಪಾಲಿಗೆ ಅದು ಬರೀ ಸೌಂಡು. ಸುಮ್ನೆ ಓವರ್‌ಥಿಂಕ್ ಮಾಡ್ತಿದೀಯ. ಊಟ ಮಾಡಿದ್ಯಾ?”

ಬರೀ ಸೌಂಡು. ಅವಳಿಗೂ ಐದು ದಿನ ಅವನ ಮಾತು ಬರೀ ಸದ್ದಾಗಿತ್ತು. ಆ ರಾತ್ರಿ ರುಮ್ಯಾನಾಗೆ ಬರೆದಳು: ಒಂದು ನಿಮಿಷದ್ದು ಸಿಕ್ಕಿದೆ, ಕೈಯಲ್ಲೇ ಕೊಡುತ್ತೇನೆ. ಕೈಯಲ್ಲೇ ಎಂದು ಯಾಕೆ ಬರೆದಳೋ ಅವಳಿಗೇ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ನಿಲ್ದಾಣದ ಹಿಂದಿನ ಕಾಲುವೆಯ ಪಕ್ಕ, ಬೆಂಚಿನ ಆ ತುದಿಯಲ್ಲಿ ರುಮ್ಯಾನಾ ಕೂತಿದ್ದಳು. ನಲವತ್ತರ ಹೆಂಗಸು, ಉಣ್ಣೆಯ ಟೋಪಿ. ಕೈಬೆರಳುಗಳ ಸಂದುಗಳಲ್ಲಿ ಗೆಡ್ಡೆಗಳ ಒಣಧೂಳು ಹಿಡಿದು ಚರ್ಮ ಬಿರುಕುಬಿಟ್ಟಿತ್ತು. ಸಿಂಧೂರ ಈ ತುದಿಯಲ್ಲಿ ಕೂತಳು. ನಡುವೆ ಒಬ್ಬರು ಮಲಗುವಷ್ಟು ಜಾಗ. ರುಮ್ಯಾನಾ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಎಷ್ಟೋ ದಿನದಿಂದ ಅಭ್ಯಾಸ ಮಾಡಿಕೊಂಡವಳಂತೆ, “ಮುದುಕಾ,” ಎಂದಳು.

ಸಿಂಧೂರ ಕಾಲುವೆಯ ಕಡೆ ಮುಖ ತಿರುಗಿಸಿದಳು.

“ಸರಿಯಾಗಿ ಹೇಳಿದೆನಾ?” ರುಮ್ಯಾನಾ ಮಾಸ್ಕಿನೊಳಗೇ ನಗಲು ನೋಡಿದಳು. ಅವಳ ಇಂಗ್ಲಿಷ್ ಅಪ್ಪನದಕ್ಕಿಂತ ಗಟ್ಟಿಯಾಗಿತ್ತು. “ಅಪ್ಪ ಕಲಿಸಿದ್ದು. ನನ್ನ ಮಕ್ಕಳು ಅಲ್ಲಿ ಅವರ ಜೊತೆಗೇ ಇದ್ದರು. ನೀವು ಹೋದ ಮೇಲೆ ಮನೆಯಲ್ಲಿ ಎಲ್ಲದಕ್ಕೂ ಮುದುಕಾ. ಸೂಪ್ ಬಡಿಸಿದರೆ ಮುದುಕಾ, ಕನ್ನಡಕ ತಂದುಕೊಟ್ಟರೆ ಮುದುಕಾ. ಭಾರತದ ಹುಡುಗಿ ಕಲಿಸಿದಳು, ಅಲ್ಲಿ ಹೀಗೆ ಥ್ಯಾಂಕ್ಸ್ ಹೇಳುತ್ತಾರೆ ಅಂತ.”

ಸಿಂಧೂರ ಫೋನನ್ನು ಬೆಂಚಿನ ನಡುವೆ ಇಟ್ಟಳು. ರುಮ್ಯಾನಾ ತನ್ನದೇ ಇಯರ್‌ಫೋನ್ ತಂದಿದ್ದಳು. ಕೇಳತೊಡಗಿದಳು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು, ಅವು ಮುಚ್ಚಿಕೊಂಡವು. ಕಾಲುವೆಯಲ್ಲಿ ಒಂದು ಕಪ್ಪು ನೀರುಕೋಳಿ ಪ್ಲಾಸ್ಟಿಕ್ ಚೀಲವನ್ನು ಗೂಡಿನ ಕಡೆ ಎಳೆಯುತ್ತಿತ್ತು. ಈಗ ಹದಿನಾಲ್ಕನೆಯ ಸಾಲು, ಈಗ ಕತ್ತುನೋವು, ಈಗ— ಎಂದು ಸಿಂಧೂರ ಒಳಗೇ ಎಣಿಸುತ್ತಿದ್ದಳು. ತನ್ನ ಮಾತಿನ ಜಾಗ ಬಂದಾಗ ರುಮ್ಯಾನಾಳ ರೆಪ್ಪೆ ಅಲುಗಲೂ ಇಲ್ಲ. ಮೂರು ಸಲ ಕೇಳಿದಳು. ಮೂರನೆಯ ಸಲ ಮಾಸ್ಕಿನ ಅಂಚು ಒದ್ದೆಯಾಗಿತ್ತು.

“ಅಮ್ಮನ ಕತ್ತುನೋವಿನ ಕತೆ,” ಎಂದಳು. “ನಮಗೆ ಎಷ್ಟು ಸಲ ಹೇಳಿದ್ದಾರೋ. ನಡುವೆ ನೀವು ಏನೋ ಹೇಳುತ್ತೀರಿ, ಉದ್ದವಾಗಿ. ಏನದು? ಮಕ್ಕಳು ಕೇಳುತ್ತಾರೆ.”

ಹೇಳುವುದಕ್ಕೆ ಎಷ್ಟೋ ಇತ್ತು. ನಿಮ್ಮ ಕತೆ ಚೆನ್ನಾಗಿದೆ ಅಂದೆ, ಎನ್ನಬಹುದಿತ್ತು. ಧನ್ಯವಾದ ಹೇಳುವ ಒಂದು ಹಳೆಯ ರೀತಿ, ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದೂ ಅದೇ. ಆದರೆ ಎದೆಯ ಮೇಲೆ ಆ ಬಿರುಕುಬಿಟ್ಟ ಕೈ ಇಟ್ಟುಕೊಂಡು ಅವಳು ಮತ್ತೊಮ್ಮೆ ಆ ಶಬ್ದ ಹೇಳಿಯಾಳೆಂಬ ಭಯ ಸಿಂಧೂರಳ ಬಾಯಿ ತೆರೆಸಿತು.

“ಅದು ಥ್ಯಾಂಕ್ಸ್ ಅಲ್ಲ. ಮುದುಕ ಅಂದರೆ ವಯಸ್ಸಾದ ಗಂಡಸು. ಮರ್ಯಾದೆಯ ಮಾತಲ್ಲ.” ನಿಂತರೆ ಮುಂದಿನದು ಬರುವುದಿಲ್ಲವೆಂದು ಗೊತ್ತಿತ್ತು. “ಈ ಮುದುಕ ಸತ್ತ ಮೇಲಾದರೂ ಬಾಯಿ ಮುಚ್ಚುತ್ತಾನೋ ಇಲ್ಲವೋ ಅಂತ ಅಂದಿದ್ದೆ. ಅವರು ಕೇಳಿದ್ದಕ್ಕೆ ಸುಳ್ಳು ಹೇಳಿದೆ. ಉಳಿದ ರೆಕಾರ್ಡಿಂಗ್‌ಗಳಲ್ಲೂ ಅವರು ಮಾತಾಡಿದ್ದರು, ಅದನ್ನೆಲ್ಲ ನಾನೇ ಅಳಿಸಿದೆ. ನಿಮಗೆ ಒಂದು ಬಾಟಲಿ ಕೊಟ್ಟಿದ್ದರು. ಅದನ್ನೂ ನಾನು ತಿಂದೆ.”

ಬಾಟಲಿಯ ಮಾತು ಎಷ್ಟು ಹಾಸ್ಯಾಸ್ಪದವಾಗಿ ಕೇಳಿಸಿತೆಂದರೆ, ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ರುಮ್ಯಾನಾ ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಸೈಕಲ್ಲೊಂದು ಹಾದುಹೋಯಿತು. ಬೈದರೆ ಬೈಯಲಿ, ಎದ್ದುಹೋದರೆ ಹೋಗಲಿ ಎಂದು ಸಿಂಧೂರ ಕಾದಳು. ಬೈಗುಳ ಬಂದರೆ ಸ್ವಲ್ಪ ಹಗುರಾಗಬಹುದೆಂಬ ಆಸೆಯೂ ಆ ಕಾಯುವಿಕೆಯಲ್ಲಿತ್ತು. ಅದಕ್ಕೂ ನಾಚಿಕೆಯಾಯಿತು.

“ಅಕ್ಟೋಬರಿನ ಕೊನೆಗೆ ಆಸ್ಪತ್ರೆ ತುಂಬಿಹೋಗಿತ್ತು,” ಎಂದಳು ರುಮ್ಯಾನಾ, ನೀರನ್ನು ನೋಡುತ್ತ. “ಭವನದಲ್ಲಿ ಹಾಸಿಗೆ ಹಾಕಿದರು. ಕುರ್ಚಿಗಳನ್ನು ಕಿತ್ತು. ಅಪ್ಪನನ್ನು ಅಲ್ಲಿಗೇ ಒಯ್ದರು, ನಿಮಗೆ ಗೊತ್ತಾ? ಅವರ ಛಾವಣಿಯ ಕೆಳಗೇ. ಫೋನಿನಲ್ಲಿ ಒಂದೇ ಸಮನೆ ಅದೇ ಮಾತು. ಹಾಸಿಗೆಗಳು ಸದ್ದನ್ನೆಲ್ಲ ಕುಡಿದುಬಿಟ್ಟಿವೆ, ಕೆಮ್ಮಿದರೂ ಮರಳಿ ಬರುವುದಿಲ್ಲ, ಮೂರನೆಯ ಹಲಗೆಯ ತಿರುಪು ಸಡಿಲವಾಗಿದೆ, ಯಾರಿಗಾದರೂ ಹೇಳು. ನಡುನಡುವೆ ಉಸಿರು ಕಟ್ಟುತ್ತಿತ್ತು. ನಾನು ಗೋದಾಮಿನಲ್ಲಿದ್ದೆ, ಬೆಲ್ಟು ಓಡುತ್ತಿತ್ತು, ಮೇಲ್ವಿಚಾರಕ ನೋಡುತ್ತಿದ್ದ. ಅಪ್ಪಾ, ಮಾತಾಡಬೇಡ, ಸುಮ್ಮನಿರು ಅಂದೆ. ಜೋರಾಗಿಯೇ ಅಂದೆ.” ತಂತಿ ಬೆರಳಿಗೆ ಬಿಗಿದು ತುದಿ ಬಿಳಿಚಿಕೊಂಡಿತ್ತು. “ಸುಮ್ಮನಾದರು. ಆಮೇಲೆ ಎರಡು ದಿನ ಇದ್ದರು. ನಾನು ಫೋನ್ ಮಾಡಿದಾಗ ಎತ್ತುತ್ತಿದ್ದರು, ಮಾತಾಡುತ್ತಿರಲಿಲ್ಲ. ನಾನು ಹೇಳಿದ್ದಕ್ಕೋ, ಆಗುತ್ತಿರಲಿಲ್ಲವೋ, ಗೊತ್ತಿಲ್ಲ. ನೀವು ಹೇಳಿದ್ದು ಅವರಿಗೆ ತಿಳಿಯಲಿಲ್ಲ. ನಾನು ಹೇಳಿದ್ದು ತಿಳಿಯಿತು.”

ಸಿಂಧೂರಳ ಕೈ ತಾನಾಗಿಯೇ ಬೆಂಚಿನ ನಡುವಿನ ಜಾಗದತ್ತ ಸರಿದು, ಅಲ್ಲಿ ನಿಂತಿತು. ಮುಟ್ಟುವ ಹಾಗಿರಲಿಲ್ಲ. ಕ್ಷಮಿಸಿ ಎಂದಳು. ಆ ಮಾತು ಹೊರಗಿನ ಚಳಿಗಾಳಿಯಲ್ಲಿ ಯಾವುದಕ್ಕೂ ತಾಗದೆ ಹೋಯಿತು.

“ಪೂರ್ತಿ ಕಳಿಸಿ,” ಎಂದಳು ರುಮ್ಯಾನಾ ಏಳುತ್ತ. “ಏನನ್ನೂ ಕತ್ತರಿಸಬೇಡಿ. ನಿಮ್ಮದೂ ಇರಲಿ.”

“ಮಕ್ಕಳು ಅರ್ಥ ಕೇಳಿದರೆ?”

“ಮಕ್ಕಳಿಗೆ ಹೇಳುವುದಿಲ್ಲ. ಅವರಿಗೆ ಅದು ಥ್ಯಾಂಕ್ಸ್. ನಮ್ಮ ಮನೆಯಲ್ಲಿ ಒಂಬತ್ತು ತಿಂಗಳು ಅದು ಥ್ಯಾಂಕ್ಸೇ ಆಗಿತ್ತು. ಈಗ ಅದು ನಿಮ್ಮ ಭಾಷೆಯ ಮಾತಲ್ಲ.”

ಅವಳಿಗೆ ಸಂಜೆಯ ಪಾಳಿಯಿತ್ತು. ಸಿಂಧೂರ ಬಸ್ ನಿಲ್ದಾಣದವರೆಗೆ ಒಂದೂವರೆ ಮೀಟರ್ ಹಿಂದೆ ನಡೆದಳು. ಬಸ್ಸು ಬಂತು. ರುಮ್ಯಾನಾ ಹತ್ತಿದಳು, ಕಾರ್ಡು ತಾಗಿಸಿದಳು, ಕಿಟಕಿಯ ಪಕ್ಕ ಕೂತು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ಕೈ ಬೀಸಲಿಲ್ಲ. ಬಸ್ಸು ಸೇತುವೆ ದಾಟಿ ಮರೆಯಾದ ಮೇಲೆ, ಖಾಲಿ ನಿಲ್ದಾಣದ ಗಾಜಿನ ಮರೆಯಲ್ಲಿ ನಿಂತು, ಸಿಂಧೂರ ಮಾಸ್ಕಿನೊಳಗೇ ಆ ಶಬ್ದವನ್ನು ಮೆಲ್ಲಗೆ ಹೇಳಿ ನೋಡಿದಳು. ಬಟ್ಟೆಗೆ ತಾಗಿ ಬಿಸಿಯಾಗಿ ಬಾಯಿಗೇ ಮರಳಿತು. ಸೂಪ್ ಬಡಿಸಿದವರಿಗೆ, ಕನ್ನಡಕ ತಂದುಕೊಟ್ಟವರಿಗೆ ಹೇಳುವ ಹಾಗೆ ಇನ್ನೊಮ್ಮೆ ಹೇಳಿದಳು, ಇನ್ನೂ ಒಮ್ಮೆ. ಎಷ್ಟು ಸಲ ಹೇಳಿದರೂ ಅವಳ ಬಾಯಲ್ಲಿ ಅದು ಅದೇ ಅರ್ಥದ್ದಾಗಿಯೇ ಉಳಿಯಿತು.